ಜಪಾನ್ ಆಯಿ ಬಂದಿದ್ದ ಮುಂಗಾರು

ಹೋದ ತಿಂಗಳು ರಾಯಚೂರಿನಲ್ಲಿ ಒಬ್ಬ ವಿದ್ಯಾರ್ಥಿಯ ಮೌಖಿಕ ಪರೀಕ್ಷೆ ಮುಗಿಸಿಕೊಂಡು ರೈಲಿನಲ್ಲಿ ಬರುತ್ತಿದ್ದೆ. ನಾಲವಾರದಲ್ಲಿ ವಯಸ್ಸಾದ ಹೆಂಗಸೊಬ್ಬರು ಹತ್ತಿ ನನ್ನೆದುರು ಕುಳಿತರು. ಕುಳಿತವರೇ ಸೆರಗಿನೊಳಗೆ ಕೈ ಹಾಕಿ ಭುಜಕ್ಕೆ ಅಂಟಿಸಿದ್ದ ನೋವಿನ ಪಟ್ಟಿಯನ್ನು ಒತ್ತಿಕೊಂಡರು. ಕರ್ಪೂರವನ್ನೂ ಪುದೀನವನ್ನೂ ಕೂಡಿಸಿ ಅರೆದಂಥ ವಾಸನೆ ನಮ್ಮ ನಡುವೆ ತುಂಬಿಕೊಂಡಿತು. ಯಾವ ಭುಜವೆಂದು ಬಗ್ಗಿ ನೋಡಿದೆ. ಬಲಭುಜ. ಆದರೂ ಕೇಳದೆ ಇರಲಾಗಲಿಲ್ಲ.

“ಎಷ್ಟ್ ದಿನದಿಂದ ಅದರಿ ಈ ನೋವು?”

“ಹೊರಿ ಹೊತ್ತು ಹೊತ್ತು ಹಿಡ್ಕೊಂಡದರಿ. ನೀವು ಡಾಕ್ಟರೇನು?”

ಅಲ್ಲವೆಂದೆ. ವಾಡಿ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಆ ವಾಸನೆ ನನ್ನನ್ನು ಒಂದು ಮುಂಗಾರಿಗೆ ಎಳೆದುಕೊಂಡು ಹೋಗಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ದೂರಶಿಕ್ಷಣ ವಿಭಾಗದಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಅಂಚೆಯ ಮೂಲಕ ಓದುವವರಿಗೆ ಪಾಠ ಬರೆದು ಕಳಿಸುವುದು, ಭಾನುವಾರ ವಾಡಿಯಲ್ಲಿ ಅವರನ್ನು ಕೂಡಿಸಿ ತರಗತಿ ನಡೆಸುವುದು ನನ್ನ ಕೆಲಸ. ಜಂಕ್ಷನ್ ಆದ್ದರಿಂದ ಸೇಡಂ, ಚಿತ್ತಾಪುರ, ಶಹಾಬಾದ ಕಡೆಯವರು ಬೆಳಗಿನ ಗಾಡಿಗೆ ಬಂದು ಸಂಜೆಯ ಗಾಡಿಗೆ ಹೋಗಬಹುದಿತ್ತು. ಇದರ ಜೊತೆಗೆ ವೃದ್ಧಾಪ್ಯದ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೆ. ಆ ವಿಷಯ ಹೇಳಿದರೆ ಕೇಳಿದವರು ನಗುತ್ತಿದ್ದರು. ಸೇಡಂನಲ್ಲಿದ್ದ ನನ್ನ ಅಪ್ಪ, ಮಾಸ್ತರಿಕೆಯಿಂದ ನಿವೃತ್ತರಾಗಿ ವೆಂಕಟರಮಣನ ಗುಡಿಯ ಪೂಜೆ ನೋಡಿಕೊಳ್ಳುತ್ತಿದ್ದವರು, “ಮುದುಕರ ಬಗ್ಗೆ ತಿಳಕೊಳ್ಳಲಿಕ್ಕೆ ಅಷ್ಟು ದೂರ ಯಾಕ ಓಡ್ಯಾಡ್ತೀ ಸುಧಾ? ಮನ್ಯಾಗ ನಾ ಇಲ್ಲೇನು?” ಎನ್ನುತ್ತಿದ್ದರು.

ಆ ವರ್ಷ ನಮ್ಮ ವಿಭಾಗಕ್ಕೂ ಜಪಾನಿನ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಾಯಿತು. ಮುಪ್ಪಿನಲ್ಲೂ ದುಡಿಯುವ ಹಳ್ಳಿಯ ಹೆಂಗಸರ ಬಗ್ಗೆ ಎರಡೂ ದೇಶಗಳಲ್ಲಿ ಅಧ್ಯಯನ; ಅದರ ಆಧಾರದ ಮೇಲೆ ಹಿರಿಯರ ಆರೈಕೆ ಕುರಿತು ಅಂಚೆ ಕೋರ್ಸು. ಕೆಲಸ ಸುಸೂತ್ರ ಮುಗಿದರೆ ನನ್ನನ್ನು ಒಂದು ವರ್ಷ ಜಪಾನಿಗೆ ಓದಲು ಕಳಿಸುವ ಮಾತಿತ್ತು. ನಮ್ಮ ಮುಖ್ಯಸ್ಥರು ಕರೆದು ಎಚ್ಚರಿಸಿದರು. “ನೋಡವಾ, ಪರದೇಶದವರು ಬರ್ತಾರ. ಬಿಸಿಲು, ನೀರು, ಊಟ, ಎಲ್ಲಾ ನಿನ್ನ ಜಿಮ್ಮೇದಾರಿ. ಏನಾರ ಹೆಚ್ಚುಕಮ್ಮಿ ಆತು, ನನ್ನ ಕಡಿ ಬರಬ್ಯಾಡ.” ಅಂದಿನಿಂದಲೇ ನನ್ನ ನಿದ್ದೆ ತೆಳ್ಳಗಾಯಿತು.

ಮೇ ತಿಂಗಳ ಕೊನೆಯಲ್ಲಿ ಆ ವಿಶ್ವವಿದ್ಯಾಲಯದ ಎಮಿಕೊ ಮೇಡಂ ವಾಡಿ ನಿಲ್ದಾಣದಲ್ಲಿ ಇಳಿದರು. ಸಣ್ಣ ಆಳು. ಕಿವಿಯವರೆಗೆ ಕತ್ತರಿಸಿದ ಬಿಳಿ ಕೂದಲು, ಬೆನ್ನ ಮೇಲೊಂದು ಚೀಲ. ಎಪ್ಪತ್ತರ ಹತ್ತಿರದ ಈ ಹೆಂಗಸನ್ನು ನಮ್ಮ ಬಿಸಿಲಿಗೆ ಒಡ್ಡಲು ನನಗೆ ಹೇಗೆ ಧೈರ್ಯ ಬರಬೇಕು? ಚೀಲ ತೆಗೆದುಕೊಳ್ಳಲು ಹೋದೆ, ಕೊಡಲಿಲ್ಲ. ಇಬ್ಬರ ಇಂಗ್ಲಿಷೂ ಎರವಲಿನದು. ಹಾಗಾಗಿ ಇಬ್ಬರೂ ನಿಧಾನವಾಗಿ, ಒಂದೊಂದೇ ಪದ ಹುಡುಕಿ ಮಾತಾಡುತ್ತಿದ್ದೆವು; ಅದರಿಂದಲೇ ಬೇಗ ಹತ್ತಿರವಾದೆವು.

ವಾಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಊರಿನ ಕಾರ್ಖಾನೆಯ ಸಿಮೆಂಟಿನ ಧೂಳು ಕೂತಿರುತ್ತಿತ್ತು. ಮೇಡಂ ಸೂರ್ಯ ಹುಟ್ಟುವ ಮೊದಲೇ ಎದ್ದು ತಯಾರಾಗುತ್ತಿದ್ದರು. ಹೊರಡುವ ಮುಂಚೆ ಎಡಭುಜಕ್ಕೆ ಒಂದು ನೋವಿನ ಪಟ್ಟಿ ಅಂಟಿಸಿಕೊಳ್ಳುವುದು ಅವರ ರೂಢಿ. ಕೈ ಎಟುಕುತ್ತಿರಲಿಲ್ಲವಾಗಿ ನಾನೇ ಅಂಟಿಸುತ್ತಿದ್ದೆ. “ಹಳೆಯ ನೋವು. ಚೀಲ ಹೊತ್ತದ್ದರಿಂದ ಬಂದದ್ದು,” ಎನ್ನುತ್ತಿದ್ದರು.

ಮೊದಲು ಆರಿಸಿಕೊಂಡದ್ದು ಸನ್ನತಿ. ಭೀಮೆಯ ದಂಡೆಯ ಆ ಊರಿನಲ್ಲಿ ನೆಲ ಅಗೆದು ತೆಗೆದ ಬೌದ್ಧರ ಕಲ್ಲುಗಳಿವೆಯೆಂದು ಮೇಡಂ ಎಲ್ಲೋ ಓದಿದ್ದರು. ಆದರೆ ಕಲ್ಲುಗಳಿಗಿಂತ ಹೆಚ್ಚು ಹೊತ್ತನ್ನು ಅವರು ಶರಣಮ್ಮನ ಅಂಗಳದಲ್ಲೇ ಕಳೆದರು. ಶರಣಮ್ಮನಿಗೆ ಮೇಡಂನಷ್ಟೇ ವಯಸ್ಸು. ಗಂಡ ಇರಲಿಲ್ಲ. ಮಗ, ಸೊಸೆ ಮಾದೇವಿ, ಮೊಮ್ಮಕ್ಕಳೊಂದಿಗೆ ಇದ್ದು, ಇನ್ನೂ ಹೊಲಕ್ಕೆ ಹೋಗಿ ಕಳೆ ತೆಗೆಯುತ್ತಿದ್ದಳು. ಮೇಡಂಗೆ ‘ಜಪಾನ್ ಆಯಿ’, ಅಂದರೆ ಜಪಾನಿನ ಅಜ್ಜಿ, ಎಂದು ಹೆಸರಿಟ್ಟವಳು ಅವಳೇ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಶರಣಮ್ಮ ರೊಟ್ಟಿ ಬಡಿಯುತ್ತಿದ್ದರೆ ಮೇಡಂ ಒಲೆಗೆ ಜೋಳದ ದಂಟು ಮುರಿದು ಹಾಕುತ್ತಿದ್ದರು.

“ಆಯಿಗಿ ಮಕ್ಕಳು ಎಷ್ಟ್ ಮಂದಿರಿ ಅಕ್ಕೋರ?” ಎಂದು ಶರಣಮ್ಮ ಕೇಳಿದಳು.

“ಇಲ್ಲವಂತ. ಲಗ್ನ ಆಗಿಲ್ಲ.”

ಶರಣಮ್ಮ ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. “ಹಂಗಾದ್ರ ಆಯಿಗಿ ದುಡೀಬ್ಯಾಡ ಅನ್ನಾಕ ಯಾರೂ ಇಲ್ಲ,” ಎಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ನಗಲಿಲ್ಲ. “ಇದ್ದಾರೆ, ಬಹಳ ಜನ ಇದ್ದಾರೆ,” ಎಂದರು. ನನಗೆ ಅರ್ಥವಾಗಲಿಲ್ಲ.

ಸಂಜೆಗಳಲ್ಲಿ ಅವರು ಬರೆದ ಪಾಠಗಳನ್ನು ನಾನು ಕನ್ನಡಕ್ಕೆ ತರುತ್ತಿದ್ದೆ. ವಯಸ್ಸಾದವರು ರೋಗವನ್ನು ಯಾಕೆ ಮುಚ್ಚಿಡುತ್ತಾರೆ ಎಂಬುದೊಂದು ಪಾಠವಿತ್ತು. ರೋಗಕ್ಕಿಂತ ಹೆಚ್ಚಾಗಿ, ತಿಳಿದರೆ ಕೆಲಸ ಕಸಿದುಕೊಂಡು ಮೂಲೆಗೆ ಕೂರಿಸುತ್ತಾರೆಂಬ ಭಯವೇ ಅವರನ್ನು ಕಾಡುತ್ತದೆ ಎಂದು ಬರೆದಿದ್ದರು. ಒಳ್ಳೆಯ ಪಾಠ. ಸೀಮೆಎಣ್ಣೆಯ ದೀಪದಲ್ಲಿ ಅದನ್ನು ಕನ್ನಡಕ್ಕೆ ತರುವಾಗ, ಬರೆದವರು ಪಕ್ಕದಲ್ಲೇ ಎಡಭುಜ ತಿಕ್ಕುತ್ತ ಕೂತಿದ್ದರು.

ಜೂನ್ ಬಂತು. ಮೃಗಶಿರಾ ಮಳೆ, ನಮ್ಮ ಕಡೆಯ ಮಿರಗ, ಕೂಡಿ ವಾರವಾದರೂ ಹನಿ ಬೀಳಲಿಲ್ಲ. ಆಕಾಶ ಬೂದಿಯ ಬಣ್ಣಕ್ಕೆ ತಿರುಗಿ ಸೆಕೆ ಇಮ್ಮಡಿಯಾಯಿತು. ಮೇಡಂ ದಾರಿಯಲ್ಲಿ ಆಗಾಗ ನಿಲ್ಲತೊಡಗಿದರು. ಯಾಕೆಂದು ಕೇಳಿದರೆ, “ಆ ಮರ ನೋಡುತ್ತಿದ್ದೇನೆ,” ಎನ್ನುವರು. ಅಲ್ಲಿ ಬರೀ ಜಾಲಿ ಇರುತ್ತಿತ್ತು. ಊಟ ಕಡಿಮೆಯಾಯಿತು. ಡಾಕ್ಟರ ಹತ್ತಿರ ಹೋಗೋಣವೆಂದರೆ ಮಾತು ಬದಲಿಸುವರು. ನಾನು ದಿನಾ ಬೆಳಿಗ್ಗೆ ಅವರ ಉಗುರಿನ ಬಣ್ಣ ನೋಡುತ್ತಿದ್ದೆ. ರಾತ್ರಿ ಗೋಡೆಯಾಚೆಯ ಅವರ ಉಸಿರಾಟಕ್ಕೆ ಕಿವಿಗೊಟ್ಟು ಮಲಗುತ್ತಿದ್ದೆ. ಮುಖ್ಯಸ್ಥರಿಗೆ ಫೋನು ಮಾಡಲೇ ಎಂದುಕೊಂಡು ಎರಡು ಸಲ ಎಸ್.ಟಿ.ಡಿ. ಬೂತಿನ ಬಾಗಿಲವರೆಗೆ ಹೋಗಿ ಬಂದೆ. ಏನಂತ ಹೇಳುವುದು? ಮೇಡಂ ಮರ ನೋಡುತ್ತಾರೆ ಅಂತಲೇ?

ಮಳೆ ಬಂದ ದಿನ ನಾವು ಸನ್ನತಿಯಲ್ಲಿದ್ದೆವು. ಮಧ್ಯಾಹ್ನ ಪಶ್ಚಿಮದಿಂದ ಗಾಳಿ ಎದ್ದು, ನೋಡನೋಡುತ್ತಲೇ ಕತ್ತಲಾಗಿ, ಹೊಡೆತದ ಮಳೆ ಸುರುವಾಯಿತು. ಹೊಲದಲ್ಲಿದ್ದ ಹೆಂಗಸರೆಲ್ಲ ಊರಿನ ಕಡೆ ಓಡಿದರು. ಮೇಡಂ ಕೂಡ ಅವರ ಜೊತೆ ಓಡಿದರು. ಬೇಡವೆಂದು ಕೂಗಿದೆ. ಮಳೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಶರಣಮ್ಮನ ಮನೆಯ ಕಟ್ಟೆಯವರೆಗೆ ಬಂದವರು ಅಲ್ಲೇ ಕುಸಿದರು.

ಒಳಗೆ ಹೊತ್ತು ತಂದು ಮಲಗಿಸಿದೆವು. ಮುಖ ಸುಣ್ಣದಂತಾಗಿತ್ತು, ಕೈ ತಣ್ಣಗಿತ್ತು. ಕಣ್ಣು ತೆರೆದು ಚೀಲದ ಕಡೆ ತೋರಿಸಿದರು. ಒಳಜೇಬಿನಲ್ಲಿ ಸಣ್ಣ ಶೀಶೆ. ಒಂದು ಗುಳಿಗೆಯನ್ನು ತಾವೇ ನಾಲಗೆಯಡಿ ಇಟ್ಟುಕೊಂಡರು. ಆಗ ನನಗೆ ಎಲ್ಲ ಒಮ್ಮೆಗೇ ಹೊಳೆಯಿತು. ಎಡಭುಜ. ನಿಂತು ನಿಂತು ನಡೆಯುವುದು. ನಾನು ದಿನವೂ ಎದೆಯ ನೋವಿನ ಮೇಲೆ ಪಟ್ಟಿ ಅಂಟಿಸುತ್ತ ಬಂದಿದ್ದೆ.

“ಹೃದಯವೇ?” ಎಂದೆ.

“ಎರಡು ವರ್ಷದಿಂದ. ನಮ್ಮಲ್ಲಿ ಯಾರಿಗೂ ಹೇಳಿಲ್ಲ. ಹೇಳಿದ್ದರೆ ಕಳಿಸುತ್ತಿರಲಿಲ್ಲ. ನೀನೂ ಹೇಳಬೇಡ.”

ಗಾಡಿ ಹೊರಡಿಸಲು ಓಡಿದೆ. ವಾಡಿಯಿಂದ ನಮ್ಮನ್ನು ಕರೆತಂದಿದ್ದ ಜೀಪಿನ ಮಹಬೂಬ ಚಕ್ರದ ಪಕ್ಕ ತೊಯ್ಯುತ್ತ ನಿಂತಿದ್ದ. ಚಕ್ರ ಅರ್ಧ ನೆಲದೊಳಗಿತ್ತು.

“ಎರಿ ನೆಲರಿ ಅಕ್ಕೋರ. ಒಮ್ಮಿ ಕಚ್ಚಿತಂದ್ರ ಬಿಡಂಗಿಲ್ಲ. ಎರಡು ದಿನ ಬಿಸಿಲು ಬೀಳಬೇಕು.”

“ಎರಡು ದಿನ ಅಂದ್ರ ಹೆಂಗ? ಆಯಿ ಉಳಿಬೇಕಲ್ಲ.”

ಅವನು ತಲೆ ತಗ್ಗಿಸಿದ. “ಬಂಡಿ ಕಟ್ಟಸ್ತೀನಿ ತಡೀರಿ. ಸಡಕಿನ ತನಕ ಹೋಗೋಣು. ಅಲ್ಲಿ ಏನಾರ ಸಿಗ್ತದ.”

ಶರಣಮ್ಮನ ಮಗ ಬಂಡಿ ಹೂಡಿದ. ಒಣ ಜೋಳದ ಕಣಕಿ ಹಾಸಿ, ಮೇಲೆ ಕೌದಿ ಹಾಸಿ ಮೇಡಂ ಅವರನ್ನು ಮಲಗಿಸಿದೆವು. ಬಾ ಎಂದು ಕರೆಯದಿದ್ದರೂ ಶರಣಮ್ಮ ಹತ್ತಿ ಕುಳಿತು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಎತ್ತುಗಳ ಕಾಲು ಹೂತು ಹೂತು ಬರುತ್ತಿದ್ದವು. ಒಂದೊಂದು ಸಲ ಬಂಡಿ ವಾಲಿದಾಗಲೂ ನಾನು ಮೇಡಂ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ಪರದೇಶದ ಹೆಂಗಸು ನಮ್ಮ ಹೊಲದ ದಾರಿಯಲ್ಲಿ ಸತ್ತರೆ ಯಾರಿಗೆ ತಿಳಿಸಬೇಕು, ಏನು ಹೇಳಬೇಕು ಎಂದೆಲ್ಲ ತಲೆ ಓಡುತ್ತಿತ್ತು. ನನ್ನ ಕೆಲಸದ ಯೋಚನೆಯೂ ಬಂತು. ಅದು ಬಂದದ್ದಕ್ಕೆ ಹೇಸಿಗೆಯಾಯಿತು, ಆದರೆ ಹೋಗಲಿಲ್ಲ.

“ಮೂಗ ಎಷ್ಟ್ ಸಲ ನೋಡ್ತೀರಿ ಅಕ್ಕೋರ?” ಶರಣಮ್ಮ ಕೇಳಿದಳು. “ಆಯಿ ಕೈ ಬೆಚ್ಚಗಾಗಾಕತ್ತಾವ. ಹಿಡದು ನೋಡ್ರಿ.”

ಹಿಡಿದು ನೋಡಿದೆ. ಬೆಚ್ಚಗಿತ್ತೋ, ಶರಣಮ್ಮ ಹೇಳಿದ್ದಕ್ಕೆ ಹಾಗೆನಿಸಿತೋ, ಇಂದಿಗೂ ಗೊತ್ತಿಲ್ಲ.

ಸಡಕಿನಲ್ಲಿ ಮಹಬೂಬ ಒಂದು ಟ್ರ್ಯಾಕ್ಟರ್ ನಿಲ್ಲಿಸಿದ. ನಾಲವಾರ ಮುಟ್ಟಿದಾಗ ಪ್ಯಾಸೆಂಜರ್ ಗಾಡಿ ಇನ್ನೂ ಬಂದಿರಲಿಲ್ಲ, ಮಳೆಯಿಂದ ತಡವಾಗಿತ್ತು. ಆ ತಡವೇ ನಮ್ಮನ್ನು ಉಳಿಸಿತು. ದೀಪ ಹಚ್ಚುವ ಹೊತ್ತಿಗೆ ವಾಡಿಯ ಡಾಕ್ಟರೊಬ್ಬರ ದವಾಖಾನೆಯಲ್ಲಿದ್ದೆವು. ಅವರು ಪರೀಕ್ಷೆ ಮಾಡಿ ಸೂಜಿ ಚುಚ್ಚಿ, ನನ್ನನ್ನು ಹೊರಗೆ ಕರೆದರು.

“ಇವತ್ತು ಪಾರಾದ್ರು. ಇನ್ನ ಇಲ್ಲಿ ಇಟ್ಕೊಬ್ಯಾಡ್ರಿ. ಹೈದರಾಬಾದಿಗಿ ಒಯ್ಯಬೇಕು, ಅಲ್ಲಿಂದ ಅವರ ದೇಶಕ್ಕ. ಹಳ್ಳಿ ತಿರುಗೋದು ಬಂದ್.”

ಎರಡು ದಿನಕ್ಕೆ ಮೇಡಂ ಎದ್ದು ಕುಳಿತರು. ಕುಳಿತವರೇ ಶಹಾಬಾದದ ಕಲ್ಲಿನ ಗಣಿ, ಕುರಕುಂಟಾ, ಚಿಂಚೋಳಿ ಎಂದು ಮುಂದಿನ ಊರುಗಳ ಮಾತು ತೆಗೆದರು. ನಾನು ಕುರ್ಚಿ ಎಳೆದು ಅವರೆದುರು ಕುಳಿತೆ.

“ಮೇಡಂ, ಮುಖ್ಯಸ್ಥರಿಗೆ ಹೇಳುತ್ತೇನೆ.”

“ನಿನ್ನ ಜಪಾನು ಹೋಗುತ್ತದೆ.”

“ಗೊತ್ತು.”

“ನನಗೆ ಇನ್ನು ಬೇರೆ ಅವಕಾಶವಿಲ್ಲ. ಇದು ಕೊನೆಯದು. ಸತ್ತರೆ ಸಾಯುವವಳು ನಾನು. ನಿನಗೇನು?”

“ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ. ನಿಮಗೆ ಮೊದಲು ತಿಳಿಸುತ್ತಿದ್ದೇನೆ.”

ಅವರು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಬೂತಿಗೆ ನಡೆದೆ. ಈ ಸಲ ಒಳಗೆ ಹೋದೆ. ಎಲ್ಲ ಕೇಳಿದ ಮುಖ್ಯಸ್ಥರು “ಮೊದಲು ಅವರನ್ನ ಜೀವಂತ ದಾಟಸು. ಉಳಿದದ್ದು ಆಮ್ಯಾಲ,” ಎಂದರು. ಉಳಿದದ್ದು ಆಮೇಲೆ ಮೇಡಂ ಹೇಳಿದ ಹಾಗೇ ಆಯಿತು. ಅವರ ವಿಶ್ವವಿದ್ಯಾಲಯ ಒಪ್ಪಂದ ನಿಲ್ಲಿಸಿತು. ನನ್ನ ಜಪಾನಿನ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಹೈದರಾಬಾದಿನ ಗಾಡಿಯಲ್ಲಿ ನಾನೂ ಜೊತೆಗೆ ಹೋದೆ. ಮೇಡಂ ಕಿಟಕಿಗೆ ಒರಗಿ ಕುಳಿತಿದ್ದರು. ಮಳೆಯಾಗಿ ನಾಲ್ಕೇ ದಿನ. ಹೊಲಗಳಲ್ಲಿ ಜನ ಬಿತ್ತುತ್ತಿದ್ದರು. ನಾನು ಹೇಳಿಕಳಿಸಿದ್ದರಿಂದ ಸೇಡಂ ನಿಲ್ದಾಣದಲ್ಲಿ ಅಪ್ಪ ಮೊಸರನ್ನದ ಡಬ್ಬಿ ಹಿಡಿದು ನಿಂತಿದ್ದರು. ಕಿಟಕಿಯಿಂದ ಕೊಟ್ಟು, “ಖಾರ ಹಾಕಿಲ್ಲ, ಊಟ ಮಾಡ್ಲಿಕ್ಕೆ ಹೇಳು. ನೀ ಊಟ ಮಾಡಿದ್ಯೋ ಇಲ್ಲೋ?” ಎಂದರು. ಮೇಡಂ ಎದ್ದು ನಿಂತು ಅವರಿಗೆ ಬಗ್ಗಿ ನಮಸ್ಕರಿಸಿದರು. ಅಪ್ಪನೂ ಗಡಿಬಿಡಿಯಲ್ಲಿ ಕೈ ಮುಗಿದರು. ಗಾಡಿ ಹೊರಟ ಮೇಲೆ ಮೇಡಂ ಮೊದಲ ಸಲ ಬಾಯಿ ಬಿಟ್ಟರು.

“ಮಗಳು ಮಾಡಬೇಕಾದ್ದನ್ನು ಮಾಡಿದೆ. ನನಗೆ ಬೇಕಾಗಿದ್ದವಳು ಮಗಳಲ್ಲ. ಜೊತೆಗೆ ಕೆಲಸ ಮಾಡುವವಳು.”

ಇವತ್ತು ಅದೇ ಪ್ರಸಂಗ ಬಂದರೂ ನಾನು ಫೋನು ಮಾಡುತ್ತೇನೆ. ಆದರೆ ಆ ಮಾತು ಮೈಗೆ ಹೊಕ್ಕ ಮುಳ್ಳಿನ ಹಾಗೆ ಉಳಿಯಿತು. ತಾಂಡೂರು ದಾಟುವವರೆಗೂ ಮೊಸರನ್ನದ ಡಬ್ಬಿಯ ಮುಚ್ಚಳ ಇಬ್ಬರೂ ತೆಗೆಯಲಿಲ್ಲ.

ವಾಪಸ್ ಬಂದು ನನ್ನ ಪಿಎಚ್.ಡಿ.ಗಾಗಿ ಒಬ್ಬಳೇ ಊರು ಸುತ್ತಲು ಸುರು ಮಾಡಿದೆ. ಆಗ ಒಂದು ವಿಚಿತ್ರ ನಡೆಯಿತು. ಆರೋಗ್ಯದ ಬಗ್ಗೆ ಕೇಳಿದರೆ ಎಲ್ಲ ಅಜ್ಜಿಯರೂ ಒಂದೇ ಉತ್ತರ ಕೊಡತೊಡಗಿದರು. “ನಂಗೇನೂ ಇಲ್ರಿ.” ಮೊಣಕಾಲು ಹಿಡಿದುಕೊಂಡು ಏಳುವವಳೂ ಅದನ್ನೇ ಹೇಳಿದಳು. ಗೋಡೆ ತಡವಿ ನಡೆಯುವವಳ ಕಣ್ಣೂ ಅವಳ ಪ್ರಕಾರ ಚೆನ್ನಾಗಿತ್ತು. ನಾಲವಾರದಲ್ಲಿ ಒಬ್ಬಾಕೆ ಕಾರಣ ಹೇಳಿಯೇಬಿಟ್ಟಳು. “ನಿಮ್ಮ ಮುಂದ ಬ್ಯಾನಿ ಹೇಳಿದ್ರ ಗಾಡಿ ಹತ್ತಿಸಿ ಕಳಸ್ತೀರಂತ. ಜಪಾನ್ ಆಯಿನ ಕಳಿಸಿಲ್ಲೇನ್ರಿ?”

ಸುದ್ದಿ ರೈಲಿನಲ್ಲಿ ನನಗಿಂತ ಮುಂದೆ ಹೋಗುತ್ತಿತ್ತು. ಶಹಾಬಾದದ ಕಲ್ಲು ಹೊರುವ ಹೆಂಗಸರವರೆಗೂ ಮುಟ್ಟಿತ್ತು. ನನ್ನ ಅಧ್ಯಯನದ ಪ್ರಕಾರ ಆ ಸೀಮೆಯಲ್ಲಿ ರೋಗವೆಂಬುದೇ ಇರಲಿಲ್ಲ. ರಾತ್ರಿ ಆ ಉತ್ತರಗಳನ್ನು ಮುಂದಿಟ್ಟುಕೊಂಡು ಕೂರುತ್ತಿದ್ದೆ. ಪಿಎಚ್.ಡಿ. ಕೆಟ್ಟದ್ದು ಒಂದು ಕಡೆ. ಇವರಲ್ಲಿ ಯಾರಿಗಾದರೂ ನಿಜವಾಗಿ ಏನಾದರೂ ಇದ್ದರೆ, ನನ್ನಿಂದಾಗಿ ಅವರು ಬಾಯಿ ಮುಚ್ಚಿಕೊಂಡಿದ್ದರೆ?

ಶ್ರಾವಣದಲ್ಲಿ ವಿಭಾಗಕ್ಕೆ ಫೋನು ಬಂತು. ಎಮಿಕೊ ಮೇಡಂ. ಆಪರೇಶನ್ ಆಗಿದೆ, ಮಹಡಿ ಹತ್ತುತ್ತಿದ್ದೇನೆ ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ಸಲಿಗೆಯೂ ಇರಲಿಲ್ಲ. ನಾನು ಅಜ್ಜಿಯರ ಉತ್ತರದ ಸಂಗತಿ ಹೇಳಿದೆ. ಅವರು ಕೆಮ್ಮು ಬರುವಷ್ಟು ನಕ್ಕರು.

“ನಾನಿದ್ದರೂ ಅದೇ ಉತ್ತರ ಕೊಡುತ್ತಿದ್ದೆ. ರೋಗ ಇದೆ ಎಂದರೆ ನೀನು ಏನು ಮಾಡುತ್ತೀ ಎಂದು ಅವರಿಗೆ ಹೇಳಿದ್ದೀಯಾ?”

“ಇಲ್ಲ.”

“ಹಾಗಿದ್ದರೆ ಅವರು ನಿನಗೆ ಯಾಕೆ ಹೇಳಬೇಕು?” ಎಂದವರೇ ಫೋನು ಇಟ್ಟುಬಿಟ್ಟರು.

ಹೆಸರಿನ ಕಾಯಿ ಬಿಡಿಸುವ ಕಾಲಕ್ಕೆ ಮತ್ತೆ ಸನ್ನತಿಗೆ ಹೋದೆ. ಮಳೆಗೆ ಹೆದರಿ ಊರೆಲ್ಲ ಹೊಲದಲ್ಲಿತ್ತು. ಒಣಗಿದ ಕಾಯಿಯ ಮೇಲೆ ಎರಡು ದಿನ ಮಳೆ ಕೂತರೆ ಬೆಳೆ ಮೊಳಕೆಯೊಡೆದು ಹೋಗುತ್ತದೆ. ಶರಣಮ್ಮ ನನ್ನನ್ನು ನೋಡಿ, “ಬರ್ರಿ ಅಕ್ಕೋರ,” ಎಂದಳು. ದನಿ ಮೊದಲಿನಂತಿರಲಿಲ್ಲ. ನಾನು ಪ್ರಶ್ನೆಗಳ ಕಾಗದ ತೆಗೆಯಲಿಲ್ಲ. ಸೀರೆ ಮೇಲಕ್ಕೆ ಸಿಕ್ಕಿಸಿ ಅವಳ ಪಕ್ಕದ ಸಾಲಿನಲ್ಲಿ ಕಾಯಿ ಬಿಡಿಸತೊಡಗಿದೆ. ಅರ್ಧ ಸಾಲಿಗೆ ಅವಳು ಸೊಂಟ ನೆಟ್ಟಗೆ ಮಾಡಿ ನಿಂತಳು. ಮತ್ತೆ ನಾಲ್ಕು ಗಿಡ, ಮತ್ತೆ ನಿಂತಳು.

“ಆಯಿ ಚೊಲೋ ಅದಾರ. ಫೋನ್ ಮಾಡಿದ್ರು,” ಎಂದೆ.

“ಬದುಕ್ಯಾರಲ್ಲ, ಅಷ್ಟು ಸಾಕು.” ಒಂದು ಗಿಡದ ಕಾಯಿ ಬಿಡಿಸಿ ಮುಗಿಸಿದಳು. ಆಮೇಲೆ ನನ್ನ ಕಡೆ ನೋಡದೆಯೇ, “ಉಸರು ಹತ್ತಾಕತ್ತದರಿ ನಂಗ. ಯುಗಾದಿ ಆದಾಗಿಂದ. ಯಾರಿಗೂ ಹೇಳಬ್ಯಾಡ್ರಿ. ಹೊಲಕ್ಕ ಬರಾಕ ಬಿಡಂಗಿಲ್ಲ ನನ್ನ,” ಎಂದಳು.

ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ, ಆ ಸಾಲಿನ ನಡುವೆಯೇ ಹುಡುಕಬೇಕಿತ್ತು.

“ಕೇಳ್ರಿ ಶರಣಮ್ಮ. ನೀವು ನೆಟ್ಟಗ ನಿಂತಿರೋ ತನಕ ನಾ ಯಾರಿಗೂ ಹೇಳಂಗಿಲ್ಲ. ಬೀಳೋ ಹಂಗ ಕಂಡ್ರ ಹೇಳೇ ಹೇಳತೀನಿ. ಇದು ಮೊದಲೇ ನಿಮಗ ತಿಳಿಸಾಕತ್ತೀನಿ. ಆದ್ರ ಮನ್ಯಾಗ ಒಬ್ಬರಿಗಾರ ಗೊತ್ತಿರಬೇಕು. ಯಾರಿಗಿ ಅಂತ ನೀವೇ ಹೇಳ್ರಿ. ನಾ ಬಾಜೂ ಕುಂದ್ರತೀನಿ.”

ಅವಳು ಹೊಲವನ್ನೆಲ್ಲ ಒಮ್ಮೆ ನೋಡಿದಳು. ಮಗ ದೂರದಲ್ಲಿ ಚೀಲ ಹೊಲಿಯುತ್ತಿದ್ದ. ಅವನ ಕಡೆ ನೋಡಿದ ಕಣ್ಣು ಅಲ್ಲಿ ನಿಲ್ಲಲಿಲ್ಲ.

“ಏ ಮಾದೇವಿ, ಬಾ ಇಲ್ಲಿ.”

ಸೊಸೆ ಮಡಿಲಿನ ಕಾಯಿ ಸುರಿದು ಬಂದಳು. ಶರಣಮ್ಮ ಮೊದಲು ಮೊಮ್ಮಗ ಉಂಡನೇ ಎಂದು ಕೇಳಿದಳು. ಆಮೇಲೆ ಮೋಡದ ಮಾತಾಡಿದಳು. ನಾನು ಅವಳ ಪಕ್ಕದಲ್ಲಿ ಮಣ್ಣಿನ ಮೇಲೆ ಕುಳಿತಿದ್ದೆ. ಕೊನೆಗೆ ಅವಳು ತಲೆ ತಗ್ಗಿಸಿ, ಮಣ್ಣಿಗೆ ಹೇಳುವವಳಂತೆ ಹೇಳಿದಳು.

ಮಾದೇವಿ ಆಶ್ಚರ್ಯಪಡಲಿಲ್ಲ.

“ನಂಗ ಗೊತ್ತದ ಅತ್ತಿ,” ಎಂದಳು. “ಇಲ್ಲಂದ್ರ ನೀರಿನ ಕೊಡ ನಾ ಯಾಕ ಕಸಗೋತಿದ್ದೆ? ನೀನಾಗಿ ಹೇಳ್ತಿ ಅಂತ ಕಾಯಾಕತ್ತಿದ್ದೆ. ಸೋಮವಾರ ದವಾಖಾನಿಗಿ ಹೋಗೋಣು. ನಿನ್ನ ಮಗನಿಗಿ ಸದ್ಯ ಬ್ಯಾಡ.”

“ಹೊಲಕ್ಕ?”

“ಬಾ. ಕುಂತು ಕಾಯಿ ಸುಲಿ. ನಿಂತು ಬಿಡಿಸೋದು ನಾ ನೋಡ್ಕೋತೀನಿ.”

ಶರಣಮ್ಮ ಒಂದು ಸಲ ನನ್ನ ಮುಖ ನೋಡಿದಳು, ಒಂದು ಸಲ ಸೊಸೆಯ ಮುಖ. ಆಮೇಲೆ ರಾಶಿಯ ಕಡೆ ನಡೆದು ನೆರಳು ನೋಡಿ ಕುಳಿತಳು. ಮಾದೇವಿ ಅವಳ ಸಾಲನ್ನು ತನ್ನ ಸಾಲಿಗೆ ಕೂಡಿಸಿಕೊಂಡಳು. ಮೋಡ ಇನ್ನೂ ಕಟ್ಟುತ್ತಲೇ ಇತ್ತು. ಮೂವರೂ ಬೇಗ ಬೇಗ ಕೈ ಆಡಿಸಿದೆವು.